ಒಂಬತ್ತನೇ ಸುತ್ತು

"ಎಲ್ಲರೂ ಎದ್ದು ನಿಲ್ಲಿ!" ಎಂದರು ತಾತ.

ಎಲ್ಲರೂ ಎಂದರೆ ಅಲ್ಲಿದ್ದವರು ಇಬ್ಬರೇ. ಹತ್ತು ವರ್ಷದ ಓಪಲ್, ಮತ್ತು ಅವಳ ಅಮ್ಮ ವರ್ನಾ. ಓಪಲ್ ಪಿಯಾನೊ ಮುಂದಿನ ಬೆಂಚಿನಿಂದ ಎದ್ದಳು. ಅಮ್ಮ ಆಗಲೇ ನಿಂತಿದ್ದಳು. ಇನ್ನೂ ಹೆಚ್ಚು ನಿಲ್ಲುವುದು ಹೇಗೆಂದು ತಿಳಿಯದೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

ತಾತ ಎಡಗೈಯಲ್ಲಿ ಸೌಟು ಎತ್ತಿ ಹಿಡಿದರು.

"ಈ ಮನೆಯ ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಅಡುಗೆಮನೆಯ ಕೋಳಿಯನ್ನು ಇಂದು ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಈ ಮನೆಯಿಂದ ಗಡೀಪಾರು ಮಾಡಲಾಗಿದೆ. ಅಪೀಲಿಗೆ ಅವಕಾಶ ಇಲ್ಲ. ಇನ್ನು ಕೂತ್ಕೊಳ್ಳಿ."

ಕೋಳಿ ಮಾತ್ರ ಕೂತೇ ಇತ್ತು, ಪಿಯಾನೊ ಮೇಲೆ. ಅದು ಹಳದಿ ಪ್ಲಾಸ್ಟಿಕ್ ಕೋಳಿ, ಅಡುಗೆಯ ಟೈಮರ್. ಅದರ ಹೊಟ್ಟೆ ತಿರುಗಿಸಿ ಇಷ್ಟು ನಿಮಿಷ ಎಂದು ಇಟ್ಟರೆ, ಅಷ್ಟು ನಿಮಿಷಕ್ಕೆ ಟ್ರಿಂಗ್ ಎನ್ನುತ್ತಿತ್ತು. ಮೊಟ್ಟೆ ಬೇಯಿಸೋಕೆ ಕೋಳಿಯನ್ನೇ ಕಾವಲಿಗೆ ಇಟ್ಟಿದ್ದೀರಲ್ಲ ಎಂದು ತಾತ ಯಾವಾಗಲೂ ನಗುತ್ತಿದ್ದರು. ಇವತ್ತು ನಗಲಿಲ್ಲ.

"ಅಪ್ಪಾ, ಓವನ್‌ನಲ್ಲಿ ಕಾರ್ನ್‌ಬ್ರೆಡ್ ಇದೆ. ಅದರ ಟೈಮ್ ಯಾರು ನೋಡ್ತಾರೆ?" ಎಂದಳು ಅಮ್ಮ.

"ಮೂಗಿದೆಯಲ್ಲ, ಮೂಗು! ನಮ್ಮಮ್ಮ ಮೂಗಲ್ಲೇ ಟೈಮ್ ನೋಡ್ತಿದ್ದಳು."

"ನಿಮ್ಮಮ್ಮನ ಮೂಗು ನಂಗೆ ಬಂದಿಲ್ಲ. ನಿಮ್ಮ ಮೂಗು ಬಂದಿದೆ. ಉದ್ದ ಇದೆ, ಕೆಲಸ ಮಾಡಲ್ಲ."

ಆ ವಾರ ಕಾರ್ನ್‌ಬ್ರೆಡ್ ಎರಡು ಸಲ ಸೀದುಹೋಯಿತು. ತಾತ ಎರಡು ಸಲವೂ ಕರಕಲನ್ನು ಕಟಕಟ ತಿಂದರು. ರಾಜಾಜ್ಞೆ ಎಂದರೆ ರಾಜಾಜ್ಞೆ.

ತಪ್ಪು ಕೋಳಿಯದಲ್ಲ. ತಪ್ಪೆಲ್ಲ ರೂಲ್ ನಂಬರ್ ನಾಲ್ಕರದು.

ಆ ರೂಲ್ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ ಹಸಿರು ಕಾಗದದಲ್ಲಿತ್ತು. ಜೂನ್ ಮೊದಲ ಗುರುವಾರ ಲೈಬ್ರರಿಯಲ್ಲಿ ಮಕ್ಕಳ ಪಿಯಾನೊ ಸ್ಪರ್ಧೆ. ಎಲ್ಲರೂ ನುಡಿಸಬೇಕಾದ್ದು ಒಂದೇ ಪಿಯಾನೊ ಸಂಗೀತ, ಊರಿನ ರ‍್ಯಾಗ್. ರೂಲ್ ನಂಬರ್ ನಾಲ್ಕು ಹೀಗಿತ್ತು: "ಒಬ್ಬೊಬ್ಬರಿಗೆ ಮೂರು ನಿಮಿಷ. ಟೈಮರ್ ಹೊಡೆದ ಕೂಡಲೇ ಕೈ ಎತ್ತಬೇಕು. ಮುಗಿಸದವರಿಗೆ ಬಹುಮಾನವಿಲ್ಲ."

ಅಮೆರಿಕದ ಸೆಡೇಲಿಯಾ ಎಂಬ ಈ ಊರಿನಲ್ಲಿ 'ರ‍್ಯಾಗ್' ಎಂದರೆ ಸಾಕು, ಯಾವುದು ಎಂದು ಯಾರೂ ಕೇಳುವುದಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಊರಿನಲ್ಲಿದ್ದ ಒಬ್ಬ ಪಿಯಾನೊ ವಾದಕ ಬರೆದದ್ದು ಅದು. ಅವನೂ ತಾತನ ಹಾಗೇ ಕಪ್ಪು ಜನಾಂಗದವನು. ಅದು ಲೋಕವೆಲ್ಲ ಸುತ್ತಿ ಊರಿಗೆ ವಾಪಸ್ ಬಂದು ಈಗ ಎಲ್ಲೆಂದರಲ್ಲಿ ಕೂತಿದೆ. ಐಸ್‌ಕ್ರೀಮ್ ಗಾಡಿ ಹಾಡುವುದು ಅದನ್ನೇ. ಬ್ಯಾಂಕಿಗೆ ಫೋನ್ ಮಾಡಿದರೆ, ಯಾರಾದರೂ ಎತ್ತುವವರೆಗೂ ಅದೇ. ಹಲ್ಲಿನ ಡಾಕ್ಟರ ಹತ್ತಿರವೂ ಅದೇ. ಹಾಗಾಗಿ ಅದನ್ನು ಕೇಳಿದರೆ ಓಪಲ್‌ಳ ಕ್ಲಾಸಿನ ಅರ್ಧ ಮಕ್ಕಳಿಗೆ ಬಾಯಲ್ಲಿ ನೀರು ಬರುತ್ತದೆ, ಇನ್ನರ್ಧ ಮಕ್ಕಳಿಗೆ ಹಲ್ಲು ನೋಯುತ್ತದೆ.

ಐಸ್‌ಕ್ರೀಮ್ ಗಾಡಿ ಬೀದಿಗೆ ಬಂದಾಗಲೆಲ್ಲ ತಾತ ಕಿಟಕಿ ಮುಚ್ಚುತ್ತಿದ್ದರು.

"ಪಾಪ, ಅದಕ್ಕೆ ಜ್ವರ ಬಂದಿದೆ," ಎನ್ನುತ್ತಿದ್ದರು. "ಹೇಗೆ ಓಡ್ತಿದೆ ನೋಡು. ಅದೂ ಮೊದಲನೇ ಚೂರು ಮಾತ್ರ. ಎಲ್ಲರಿಗೂ ಗೊತ್ತಿರೋದು ಅದೊಂದೇ ಚೂರು. ಕೊನೇವರೆಗೂ ಕೂತ್ಕೊಂಡು ಕೇಳೋರು ಯಾರಿದ್ದಾರೆ?"

ರ‍್ಯಾಗ್‌ನಲ್ಲಿ ನಾಲ್ಕು ಟ್ಯೂನ್ ಇವೆ. ಮೊದಲನೆಯದು ಎರಡು ಸಲ, ಎರಡನೆಯದು ಎರಡು ಸಲ. ಮತ್ತೆ ಮೊದಲನೆಯದು ಒಂದು ಸಲ. ಆಮೇಲೆ ಮೂರನೆಯದು ಎರಡು ಸಲ, ನಾಲ್ಕನೆಯದು ಎರಡು ಸಲ. ಒಟ್ಟು ಒಂಬತ್ತು ಸುತ್ತು. ಎಡಗೈ ಮೆರವಣಿಗೆಯಲ್ಲಿ ಹೋಗುವವರ ಹಾಗೆ ಶಿಸ್ತಾಗಿ ನಡೆಯುತ್ತದೆ. ಬಲಗೈ ಆ ಹೆಜ್ಜೆಗಳ ನಡುವೆ ಕುಂಟಾಬಿಲ್ಲೆ ಆಡುತ್ತದೆ.

"ಬೇಗ ಬೇಗ ನುಡಿಸಿದ್ರೆ ಏನಾಗುತ್ತೆ ತಾತಾ?" ಎಂದು ಓಪಲ್ ಒಮ್ಮೆ ಕೇಳಿದ್ದಳು.

"ಕುಂಟಾಬಿಲ್ಲೆ ಆಡೋ ಹುಡುಗಿಯನ್ನ ನಾಯಿ ಅಟ್ಟಿಸ್ಕೊಂಡು ಬಂದ್ರೆ ಏನಾಗುತ್ತೆ? ಅವಳು ಆಡ್ತಾಳಾ, ಓಡ್ತಾಳಾ? ಇದನ್ನ ಬರೆದಾತ ತನ್ನ ಬೇರೆ ರ‍್ಯಾಗ್‌ಗಳ ಮೇಲೆ 'ವೇಗವಾಗಿ ನುಡಿಸಬೇಡಿ' ಅಂತ ಅಚ್ಚೇ ಹಾಕಿಸಿಬಿಟ್ಟ. ಅಷ್ಟು ತಲೆಕೆಟ್ಟಿತ್ತು ಆತನಿಗೆ."

"ಮತ್ತೆ ಎಲ್ಲಾನೂ ಎರಡೆರಡು ಸಲ ಯಾಕೆ?"

"ಮೊದಲನೇ ಸಲ ನೀನು ಹೇಳ್ತೀಯ. ಎರಡನೇ ಸಲ ಅವರು ಕೇಳಿಸ್ಕೋತಾರೆ."

ತಾತನ ಪ್ರಕಾರ ನುಡಿಸಿದರೆ ಒಂಬತ್ತು ಸುತ್ತಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಬೇಕು. ಕೋಳಿ ಮೂರಕ್ಕೇ ಟ್ರಿಂಗ್ ಎನ್ನುತ್ತಿತ್ತು. ಓಪಲ್ ಅದಕ್ಕೆ ಹೆದರಿ ವೇಗ ಹೆಚ್ಚಿಸುತ್ತಿದ್ದಳು. ಅದಕ್ಕೇ ಕೋಳಿಗೆ ಗಡೀಪಾರು.

"ತಾತಾ, ರೂಲ್ ಇರೋದು ಮೂರು ನಿಮಿಷ!"

"ರೂಲ್ ಮಾಡಿದವರು ಯಾರೋ ಗಡಿಬಿಡಿಯವರು. ಬಸ್ಸಿಗೆ ಹೊರಟಿದ್ರೋ ಏನೋ. ನೀನು ಸರಿಯಾಗಿ ನುಡ್ಸು, ಸಾಕು. ಗೆಲ್ಲದಿದ್ರೆ ಏನೀಗ?"

ಏನೀಗ ಎಂದರೆ, ಅದೇ ಗುಟ್ಟು. ಅದು ತಾತನಿಗೆ ಗೊತ್ತಿರಲಿಲ್ಲ.

* * *

ಕಳೆದ ಚಳಿಗಾಲದಲ್ಲಿ ತಾತನಿಗೆ ಸ್ಟ್ರೋಕ್ ಆಗಿತ್ತು. ಮಾತು ವಾಪಸ್ ಬಂತು. ಕಾಲು ಸ್ವಲ್ಪ ಬಂತು. ಬಲಗೈ ಬರಲಿಲ್ಲ.

ಆಸ್ಪತ್ರೆಗೆ ನೋಡಲು ಹೋದ ದಿನ ಓಪಲ್ ಒಂದು ವಿಷಯ ಗಮನಿಸಿದ್ದಳು. ತಾತ ಕಣ್ಣು ಮುಚ್ಚಿ ಮಲಗಿದ್ದರು. ಅವರ ಎಡಗೈ ಬೆಡ್‌ಶೀಟ್ ಮೇಲೆ ನಡೆಯುತ್ತಿತ್ತು. ಟಂ-ಚಕ್, ಟಂ-ಚಕ್. ರ‍್ಯಾಗ್‌ನ ಎಡಗೈ. ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈ ಒಂದೇ ಒಂಟಿಯಾಗಿ ಹೋಗುತ್ತಿತ್ತು, ಜೊತೆಗೆ ಯಾರೂ ಇಲ್ಲದ ಮೆರವಣಿಗೆ.

ಓಪಲ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ತನ್ನ ಬಲಗೈಯನ್ನು ಬೆಡ್‌ಶೀಟ್ ಮೇಲಿಟ್ಟಳು. ತಾತ ಹಿಂದೆ ಕಲಿಸಿದ್ದ, ಬಲಗೈ ಪಾಲಿನ ಕುಂಟಾಬಿಲ್ಲೆ ಆಡಿದಳು. ತಾತ ಕಣ್ಣು ತೆರೆಯಲಿಲ್ಲ. ಆದರೆ ಎಡಗೈ ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ದಿನಾ ಸಂಜೆ ಅದೇ ಆಯಿತು. ಒಂದೇ ಬೆಂಚು. ತಾತನ ಎಡಗೈ, ಓಪಲ್‌ಳ ಬಲಗೈ. ಆಮೇಲೆ ಎಡಗೈ ಪಾಠವೂ ಶುರುವಾಯಿತು. ತಾತನ ಮನೆಯಲ್ಲಿ ಯಾರೂ ಪುಸ್ತಕ ನೋಡಿ ಕಲಿತವರಲ್ಲ. ಕಲಿಯುವವರು ತಮ್ಮ ಕೈಯನ್ನು ಕಲಿಸುವವರ ಕೈ ಮೇಲಿಡಬೇಕು. ಕುದುರೆ ಮೇಲೆ ಕೂತ ಹಾಗೆ. ಕೆಳಗಿನ ಕೈ ಎಲ್ಲಿ ಹೋದರೆ ಮೇಲಿನದೂ ಅಲ್ಲಿಗೆ.

"ಸವಾರಿ ಮಾಡು," ಎನ್ನುತ್ತಿದ್ದರು ತಾತ. "ನಾನೂ ನಮ್ಮಮ್ಮನ ಕೈ ಮೇಲೆ ಹೀಗೇ ಸವಾರಿ ಮಾಡಿದ್ದು. ಅವಳ ಕೈ ತುಂಬಾ ಸೋಪಿನ ವಾಸನೆ."

ಏಪ್ರಿಲ್ ಹೊತ್ತಿಗೆ ಓಪಲ್‌ಗೆ ಎರಡೂ ಕೈ ಬರುತ್ತಿತ್ತು.

* * *

ಅಮ್ಮ ಸ್ಕೂಲ್ ಬಸ್ ಓಡಿಸುತ್ತಿದ್ದಳು. ಕೊನೆಯ ಸ್ಟಾಪಿನಲ್ಲಿ ಕೊನೆಯ ಹುಡುಗ ಇಳಿದ ಮೇಲೆ ಬಸ್ಸಿನಲ್ಲಿ ಉಳಿಯುವವರು ಮೂವರು. ಅಮ್ಮ, ಓಪಲ್, ಮತ್ತು ಕೋಳಿ. ಗಡೀಪಾರಾದ ಕೋಳಿ ಈಗ ಡ್ರೈವರ್ ಮುಂದಿನ ಗಾಜಿನ ಬಳಿ ಆರಾಮಾಗಿ ಕೂತು ಊರು ನೋಡುತ್ತಿತ್ತು.

"ಅಮ್ಮಾ, ಇನ್ನೊಂದ್ ಸಲ ಹೇಳು. ಆ ಹಾಲ್ ಕತೆ."

"ಎಷ್ಟು ಸಲ ಹೇಳಲಿ?"

"ಎರಡನೇ ಸಲಕ್ಕೇ ಕೇಳಿಸ್ಕೊಳ್ಳೋದು."

ಅಮ್ಮ ನಕ್ಕು ಹೇಳಿದಳು. ತಾತನಿಗೆ ಹತ್ತು ವರ್ಷವಾಗಿದ್ದಾಗ ಊರಿನ ದೊಡ್ಡ ಹಾಲ್‌ನಲ್ಲಿ ಒಂದು ಕಾರ್ಯಕ್ರಮ. ಹೊರಗಿನಿಂದ ಬಂದ ಯಾರೋ ರ‍್ಯಾಗ್ ನುಡಿಸುವವರಿದ್ದರು. ತಾತ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದರು. ಆಗ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲಿನಿಂದಲೇ ವಾಪಸ್ ಕಳಿಸಿದರು. ತಾತ ಹಿಂದಿನ ಕಿಟಕಿಯ ಕೆಳಗೆ, ಕಸದ ಡಬ್ಬದ ಪಕ್ಕ ನಿಂತು ಕೇಳಿದರು. ಒಳಗಿದ್ದದ್ದು ಅವರ ಜನರ ರ‍್ಯಾಗ್. ಹೊರಗಿದ್ದದ್ದು ಅದರ ಜನ.

"ಆಮೇಲೆ ಎಲ್ಲರನ್ನೂ ಬಿಟ್ರಲ್ಲ? ಆಗ ಯಾಕೆ ಹೋಗ್ಲಿಲ್ಲ?"

"ನಿಮ್ಮ ತಾತ ಗೊತ್ತಲ್ಲ. ಒಂದ್ಸಲ ಬಾಗಿಲಿಂದ ವಾಪಸ್ ಕಳಿಸಿದ ಜಾಗಕ್ಕೆ ನಾನಾಗಿ ಕೇಳ್ಕೊಂಡು ಹೋಗಲ್ಲ, ಕರೆದ್ರೆ ಹೋಗ್ತೀನಿ ಅಂದ್ರು. ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡ್ತಾ, ಚರ್ಚ್‌ನಲ್ಲಿ ಪಿಯಾನೊ ನುಡಿಸ್ತಾ ಕಾದ್ರು. ಯಾರೂ ಕರೀಲಿಲ್ಲ."

ಹಸಿರು ಕಾಗದದಲ್ಲಿ ರೂಲ್ ನಂಬರ್ ಒಂಬತ್ತೂ ಇತ್ತು. ಅದನ್ನು ಓಪಲ್ ಕಂಠಪಾಠ ಮಾಡಿದ್ದಳು. "ಗೆದ್ದವರು ಶನಿವಾರ ದೊಡ್ಡ ಹಾಲ್‌ನ ಸ್ಟೇಜಿನಲ್ಲಿ ನುಡಿಸುತ್ತಾರೆ. ಬಯಸಿದರೆ ಕುಟುಂಬದ ಒಬ್ಬರನ್ನು ಜೊತೆಗೆ ಕರೆಯಬಹುದು."

ಕರೆಯಬಹುದು! ಅವಳು ಗೆದ್ದರೆ, ಸ್ಟೇಜಿನ ಮೈಕ್ ಮುಂದೆ ನಿಂತು, "ಮಿಸ್ಟರ್ ಲಿಯಾಂಡರ್ ಟಿಬ್ಸ್ ಅವರೇ, ಬನ್ನಿ" ಎಂದು ಊರಿಗೆಲ್ಲ ಕೇಳುವ ಹಾಗೆ ಕರೆಯಬಹುದು. ಒಂದೇ ಬೆಂಚು. ಅವರ ಎಡಗೈ, ಇವಳ ಬಲಗೈ. ಅಲ್ಲಿ ಮೂರು ನಿಮಿಷದ ರೂಲೂ ಇಲ್ಲ.

"ಅದಕ್ಕೆ ಮೊದಲು ಗೆಲ್ಲಬೇಕು," ಎಂದಳು ಅಮ್ಮ.

"ಐಡಿಯಾ ಇದೆ. ಕೋಳಿ ತಿರುಗ್ಸು."

ಓಪಲ್ ಬಸ್ಸಿನ ಸೀಟಿನ ಮೇಲೆ ಎರಡೂ ಕೈಯಿಂದ ನುಡಿಸಿದಳು. ತಾತನ ಲೆಕ್ಕದ ನಡಿಗೆಯಲ್ಲೇ, ಒಂದಿಷ್ಟೂ ಓಡದೆ. ಮೂರನೇ ಟ್ಯೂನ್ ಬಂದಾಗ ಮಾತ್ರ ಅದನ್ನು ಒಂದೇ ಸಲ ನುಡಿಸಿ ನೇರವಾಗಿ ನಾಲ್ಕಕ್ಕೆ ಹಾರಿದಳು. ಒಂಬತ್ತರ ಬದಲು ಎಂಟು ಸುತ್ತು. ಅವಳು ಮುಗಿಸಿದ ಮೇಲೆ ಎರಡು ಸೆಕೆಂಡ್ ಬಿಟ್ಟು ಕೋಳಿ ಟ್ರಿಂಗ್ ಎಂದಿತು.

"ಎರಡು ನಿಮಿಷ ಐವತ್ತೆಂಟು ಸೆಕೆಂಡ್!" ಓಪಲ್ ಸೀಟಿನ ಮೇಲೆ ಕುಣಿದಳು. "ಒಂದು ರಿಪೀಟ್ ಬಿಟ್ರೆ ತಪ್ಪು ಅಂತ ಯಾವ ರೂಲೂ ಇಲ್ಲ. ಎಲ್ಲಾ ಓದಿದ್ದೀನಿ."

"ತಾತನಿಗೆ ಹೇಳ್ತೀಯಾ?"

ಓಪಲ್ ಕುಣಿಯುವುದನ್ನು ನಿಲ್ಲಿಸಿದಳು. "ಗೆದ್ದ ಮೇಲೆ ಹೇಳ್ತೀನಿ."

* * *

ಲೈಬ್ರರಿಯ ಮಕ್ಕಳ ಕೋಣೆಯಲ್ಲಿ ಮೂವತ್ತು ಕುರ್ಚಿ, ಒಂದು ಪಿಯಾನೊ, ಒಂದು ಮೇಜು. ಮೇಜಿನ ಹಿಂದೆ ಮಿಸೆಸ್ ಹಾಸ್ಟೆಟರ್. ಅವರು ಸ್ಪರ್ಧೆ ನಡೆಸುವವರು. ಅವರ ಮುಂದೆ ಕೂತಿದ್ದವಳನ್ನು ನೋಡಿ ತಾತ ಕೋಲೂರಿದವರು ಅಲ್ಲೇ ನಿಂತುಬಿಟ್ಟರು.

ಹಳದಿ ಪ್ಲಾಸ್ಟಿಕ್ ಕೋಳಿ.

"ಅಯ್ಯೋ, ಇವಳು ಇಲ್ಲಿಗೂ ಬಂದ್ಲಾ!"

"ನಮ್ಮದಲ್ಲ ಅಪ್ಪಾ. ಅದೇ ಅಂಗಡೀದು," ಎಂದು ಅಮ್ಮ ಪಿಸುಗುಟ್ಟಿದಳು. "ನಮ್ಮದು ಬಸ್ಸಿನ..." ಎಂದವಳು ಬಾಯಿ ಮುಚ್ಚಿಕೊಂಡಳು.

ತಾತ ಮೊದಲ ಸಾಲಿನಲ್ಲಿ ಕೂತರು. ಇಸ್ತ್ರಿ ಮಾಡಿದ ಬಿಳಿ ಶರ್ಟ್. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ನೀಟಾಗಿ ಇಟ್ಟುಕೊಂಡರು.

ಓಪಲ್‌ಗಿಂತ ಮೊದಲು ಅವಳ ಕ್ಲಾಸಿನ ವೈಯಟ್‌ನ ಸರದಿ. ಹೋಗುವಾಗ ಅವನು ಬಗ್ಗಿ ಹೇಳಿದ, "ಟಿಬ್ಸ್, ನಿನ್ನ ಸ್ಪೀಡಿಗೆ ನಾನು ಮಧ್ಯೆ ಹೋಗಿ ಬರ್ಗರ್ ತಿಂದು ಬರಬಹುದು."

"ನಂಗೂ ಒಂದು ತಗೊಂಡು ಬಾ. ಈರುಳ್ಳಿ ಬೇಡ," ಎಂದಳು ಓಪಲ್.

ವೈಯಟ್ ಎರಡು ನಿಮಿಷ ಐದು ಸೆಕೆಂಡಿನಲ್ಲಿ ಮುಗಿಸಿದ. ಅವನ ಬೆರಳುಗಳು ಕಾಣಿಸಲೇ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ತಾತ ಮಾತ್ರ ಅವನನ್ನು ಕರುಣೆಯಿಂದ ನೋಡಿದರು, ಜ್ವರ ಬಂದ ಮಗುವನ್ನು ನೋಡುವ ಹಾಗೆ.

"ಓಪಲ್ ಟಿಬ್ಸ್," ಎಂದು ಮಿಸೆಸ್ ಹಾಸ್ಟೆಟರ್ ಕರೆದರು. ಕೋಳಿಯ ಹೊಟ್ಟೆ ಕಿರ್ರೆಂದು ತಿರುಗಿತು.

ಓಪಲ್ ಶುರು ಮಾಡಿದಳು.

ಮೊದಲನೆಯದು, ಎರಡು ಸಲ. ವೈಯಟ್ ಆದ ಮೇಲೆ ಅದು ತುಂಬ ನಿಧಾನ ಎನಿಸಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎರಡನೆಯದು, ಎರಡು ಸಲ. ಕಿಸಕ್ಕು ನಿಂತಿತು. ಒಬ್ಬ ಅಜ್ಜಿಯ ಚಪ್ಪಲಿ ನೆಲದ ಮೇಲೆ ತಾಳ ಹಾಕಲು ಶುರು ಮಾಡಿತು. ಮತ್ತೆ ಮೊದಲನೆಯದು. ಐದು ಸುತ್ತಾಯಿತು. ಎಲ್ಲ ಲೆಕ್ಕದ ಪ್ರಕಾರ. ಕೋಳಿ ಟಿಕ್ ಟಿಕ್ ಎನ್ನುತ್ತಿತ್ತು.

ಮೂರನೇ ಟ್ಯೂನ್ ಬಂತು. ಇದನ್ನು ಒಂದೇ ಸಲ. ಆಮೇಲೆ ನೇರ ನಾಲ್ಕಕ್ಕೆ. ಓಪಲ್ ಮನಸ್ಸಿನಲ್ಲೇ ಹೇಳಿಕೊಂಡಳು: ಹಾರು, ಹಾರು, ಹಾರು.

ಆಗ ಕಣ್ಣಂಚಿನಲ್ಲಿ ಕಂಡಿತು. ತಾತನ ಎಡಗೈ.

ಅದು ಅವರ ಮೊಣಕಾಲ ಮೇಲೆ ನಡೆಯುತ್ತಿತ್ತು. ಟಂ-ಚಕ್, ಟಂ-ಚಕ್. ತಾತ ಕಣ್ಣು ಮುಚ್ಚಿದ್ದರು. ಮುಖ ಆಸ್ಪತ್ರೆಯಲ್ಲಿ ಇದ್ದ ಹಾಗೇ ಇತ್ತು. ಅವರ ಕೈಗೆ ಎಂಟು ಸುತ್ತಿನ ಲೆಕ್ಕ ಯಾರೂ ಹೇಳಿರಲಿಲ್ಲ. ಮೂರನೆಯದರ ಕೊನೆ ಬರುತ್ತಿದ್ದ ಹಾಗೆ ಆ ಕೈ ಹಿಂದಕ್ಕೆ ತಿರುಗಲು ಸಿದ್ಧವಾಗುತ್ತಿತ್ತು, ಎರಡನೇ ಸಲ ಹೇಳುವುದಕ್ಕೆ.

ಈಗ ಇವಳು ಮುಂದಕ್ಕೆ ಹಾರಿದರೆ, ಆ ಕೈ ಅಲ್ಲೇ ಉಳಿಯುತ್ತದೆ. ಬೆಡ್‌ಶೀಟಿನ ಮೇಲೆ ಉಳಿದ ಹಾಗೆ, ಒಂಟಿಯಾಗಿ.

ಶನಿವಾರ. ಸ್ಟೇಜ್. ಮೈಕ್. ಎಲ್ಲವೂ ಓಪಲ್‌ಳ ಕಣ್ಣ ಮುಂದೆ ಬಂತು. ಕಸದ ಡಬ್ಬದ ಪಕ್ಕ ಇಸ್ತ್ರಿ ಶರ್ಟ್ ಹಾಕಿಕೊಂಡು ನಿಂತ ಹುಡುಗನೂ ಬಂದ.

ಟ್ಯೂನ್ ಮುಗಿಯಿತು. ತಾತನ ಕೈ ಹಿಂದಕ್ಕೆ ತಿರುಗಿತು.

ಓಪಲ್‌ಳ ಕೈಗಳೂ ಅದರ ಜೊತೆಗೇ ತಿರುಗಿದವು.

ಅಮ್ಮ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. ಮೂರನೆಯದು, ಎರಡನೇ ಸಲ. ಈ ಸಲ ಓಪಲ್ ಅವಸರ ಮಾಡಲಿಲ್ಲ. ಅವಸರ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಟ್ಯೂನ್‌ನಲ್ಲಿ ಒಂದು ಕಡೆ ಎಡಗೈ ಪಿಯಾನೊದ ತೀರ ಕೆಳಗಿನ ಮಂದ್ರಕ್ಕೆ ಇಳಿದು ಬರುತ್ತದೆ. ಅಲ್ಲಿ ಅವಳಿಗೆ ಸೋಪಿನ ವಾಸನೆ ಬಂದ ಹಾಗಾಯಿತು, ತಾನು ಎಂದೂ ನೋಡಿರದ ಕೈಯ ಸೋಪು.

ನಾಲ್ಕನೆಯದು, ಮೊದಲ ಸಲ. ಎಂಟು ಸುತ್ತು ಮುಗಿಯಿತು. ಅವಳು ಒಂಬತ್ತನೆಯದಕ್ಕೆ ಕಾಲಿಟ್ಟಳು. ಒಂದು ಹೆಜ್ಜೆ, ಎರಡು ಹೆಜ್ಜೆ...

ಟ್ರಿಂಗ್.

ಓಪಲ್ ಕೈ ಎತ್ತಿದಳು.

ಅಷ್ಟು ಹೊತ್ತು ತುಂಬಿದ್ದ ಕೋಣೆ ಒಮ್ಮೆಲೇ ಖಾಲಿಯಾದ ಹಾಗಾಯಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮಿಸೆಸ್ ಹಾಸ್ಟೆಟರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹಸಿರು ಕಾಗದ ಎತ್ತಿಕೊಂಡರು.

"ಓಪಲ್, ಕಂದಾ... ತುಂಬಾ ಚೆನ್ನಾಗಿತ್ತಮ್ಮ. ಆದರೆ ರೂಲ್ ನಂಬರ್ ನಾಲ್ಕರ ಪ್ರಕಾರ..."

ಓಪಲ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ತಾತನ ಮೊಣಕಾಲು ನೋಡುತ್ತಿದ್ದಳು.

ಅವರ ಕೈ ನಿಂತಿರಲಿಲ್ಲ. ಅದು ಯಾವ ಕೋಳಿಯ ಮಾತನ್ನೂ ಕೇಳುತ್ತಿರಲಿಲ್ಲ. ಒಂಬತ್ತನೇ ಸುತ್ತಿನಲ್ಲಿ ನಡೆದು ಹೋಗುತ್ತಲೇ ಇತ್ತು.

ಅವಳು ಬೆಂಚಿನಿಂದ ಇಳಿದಳು. ನಾಲ್ಕೇ ಹೆಜ್ಜೆ. ತಾತನ ಪಕ್ಕದ ಕುರ್ಚಿಯಲ್ಲಿ ಕೂತಳು. ತನ್ನ ಎಡಗೈಯನ್ನು ಅವರ ಎಡಗೈಯ ಮೇಲಿಟ್ಟು ಸವಾರಿ ಹೊರಟಳು. ಬಲಗೈ ತನ್ನದೇ ಮೊಣಕಾಲ ಮೇಲೆ ಕುಂಟಾಬಿಲ್ಲೆ ಆಡತೊಡಗಿತು.

"...ಮುಗಿಸದವರಿಗೆ ಬಹುಮಾನವಿಲ್ಲ," ಎಂದು ಓದಿ ಮಿಸೆಸ್ ಹಾಸ್ಟೆಟರ್ ತಲೆ ಎತ್ತಿದರು. ಮುಂದಿನ ಹೆಸರು ಕರೆಯಲು ಬಾಯಿ ತೆರೆದವರು, ಮೊದಲ ಸಾಲು ನೋಡಿ ಹಾಗೇ ನಿಂತರು. ಎಲ್ಲೋ ಹಿಂದೆ ಆ ಅಜ್ಜಿಯ ಚಪ್ಪಲಿ ಮತ್ತೆ ತಾಳ ಹಿಡಿಯಿತು. ಅದರ ಪಕ್ಕದಲ್ಲಿ ಒಂದು ಸ್ಪೋರ್ಟ್ಸ್ ಶೂ ಕೂಡ. ವೈಯಟ್‌ನದು.

ತಾತ ಕಣ್ಣು ತೆರೆಯಲಿಲ್ಲ. ಮೇಲೆ ಕೂತ ಪುಟ್ಟ ಕೈ ಯಾರದೆಂದು ಅವರು ಕೇಳಲೂ ಇಲ್ಲ.

ಕೊನೆಯ ಎರಡು ಹೊಡೆತ. ಟಕ್. ಟಕ್.

ಆಗ ತಾತನ ಕೈ ನಿಂತಿತು. ಓಪಲ್ ತನ್ನ ಕೈ ಎತ್ತಿದಳು.